ಕಾಲು ನೋಯುತ್ತಿದ್ದರೆ ಈಗಲೇ ಹೇಳಿಬಿಡಿ

ಎಲ್ಲ ಕೇಳುಗರಿಗೂ ನಮಸ್ಕಾರ.

ಸೈನ್ಯಕ್ಕೆ ಆಯ್ಕೆಯಾಗಿ, ಟ್ರೇನಿಂಗ್‌ಗೆ ಹೊರಡುವ ದಿನ ಎಣಿಸುತ್ತಿರುವ ಹುಡುಗರಿಗೆ ಇವತ್ತಿನ ಮಾತು. ಅವರ ಅಪ್ಪ ಅಮ್ಮನೂ ಕೇಳಿಸಿಕೊಳ್ಳಲಿ. ಯಾಕಂದ್ರೆ ನೋವಿನ ವಿಷಯದಲ್ಲಿ ಹುಡುಗರು ಮೊದಲು ಬಾಯಿ ಮುಚ್ಚಿಕೊಳ್ಳುವುದು ಮನೆಯವರ ಮುಂದೆಯೇ.

ನಾನು ನಿವೃತ್ತ ಸೈನಿಕ. ಈಗ ನಮ್ಮ ತಾಲ್ಲೂಕಿನ ಮೈದಾನದಲ್ಲಿ ದಿನಾ ಬೆಳಿಗ್ಗೆ ಐದಕ್ಕೆ ಹುಡುಗರನ್ನು ಓಡಿಸುತ್ತೇನೆ. ಹೋದ ತಿಂಗಳು ಒಬ್ಬ ಹುಡುಗ ಸುತ್ತು ಮುಗಿಸಿ ಬಂದವನೇ ಶೂ ಲೇಸ್ ಕಟ್ಟುವ ನೆಪದಲ್ಲಿ ಕೂತುಬಿಟ್ಟ. ಲೇಸ್ ಬಿಚ್ಚಿರಲೇ ಇಲ್ಲ. 'ಏನಾಯ್ತೋ?' ಅಂದೆ. 'ಏನಿಲ್ಲ ಸರ್, ಸುಮ್ನೆ' ಅಂದ. ಪ್ಯಾಂಟ್ ಮೇಲಕ್ಕೆ ಮಡಚಿಸಿ, ಕಣಕಾಲಿನ ಎಲುಬಿನ ಒಳಗಡೆ ಅಂಚಿನ ಮೇಲೆ ಹೆಬ್ಬೆರಳಿಟ್ಟು ಒತ್ತುತ್ತಾ ಇಳಿದೆ. ಒಂದು ಜಾಗಕ್ಕೆ ಬಂದಾಗ ಅವನ ಕೈ ತಾನಾಗಿಯೇ ಬಂದು ನನ್ನ ಮಣಿಕಟ್ಟು ಹಿಡಿಯಿತು. ಅವನು ಹೊರಡುವುದಕ್ಕೆ ಇನ್ನೂ ಎಂಟು ವಾರ ಇತ್ತು.

ಇದು ಹೇಗಾಗುತ್ತೆ ಗೊತ್ತಾ? ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಅದಕ್ಕಾಗಿ ಹುಡುಗರು ತಿಂಗಳುಗಟ್ಟಲೆ ಡಾಂಬರು ರಸ್ತೆಯಲ್ಲಿ ಓಡಿರುತ್ತಾರೆ. ಆಯ್ಕೆಯ ಸುದ್ದಿ ಬಂದ ಮೇಲೆ ಇನ್ನೂ ಹುರುಪು. ಎರಡು ಕಿಲೋಮೀಟರು ಓಡುತ್ತಿದ್ದವನು ಒಂದೇ ವಾರದಲ್ಲಿ ಎಂಟಕ್ಕೆ ಹೋಗುತ್ತಾನೆ. ಶೂ ಮಾತ್ರ ಅದೇ, ಹಿಮ್ಮಡಿ ಸವೆದದ್ದು.

ಎಲುಬಿಗೆ ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಎಲುಬನ್ನು ಸ್ವಲ್ಪ ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಗೋಡೆ ರಿಪೇರಿಗೆ ಮೊದಲು ಗಾರೆ ಕೆತ್ತುತ್ತಾರಲ್ಲ, ಹಾಗೆ. ನಡುವಿನ ಆ ಕೆಲವು ವಾರ ಎಲುಬು ಬಲ ಕಡಿಮೆ ಇರುತ್ತದೆ. ಆಗ ಬಿಡುವು ಕೊಡದೆ ಬಡಿದರೆ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ಇದೇ ಸ್ಟ್ರೆಸ್ ಫ್ರ್ಯಾಕ್ಚರ್. ಸೈನ್ಯಕ್ಕೆ ಇದು ಹಳೆಯ ಪರಿಚಯ. 1855ರಲ್ಲೇ ಬ್ರೈಟ್‌ಹೌಪ್ಟ್ ಎಂಬ ಪ್ರಷ್ಯಾದ ಸೈನ್ಯದ ವೈದ್ಯ, ಮಾರ್ಚ್ ಮಾಡಿದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಬರೆದಿಟ್ಟಿದ್ದ. ಎಕ್ಸ್‌ರೇ ಬಂದದ್ದು ಅದಾಗಿ 40 ವರ್ಷಕ್ಕೆ. ಪಾದದ ಎಲುಬಿನ ಇಂಥ ಸೀಳನ್ನು ಇಂದಿಗೂ ಮಾರ್ಚ್ ಫ್ರ್ಯಾಕ್ಚರ್ ಅಂತಲೇ ಕರೆಯುತ್ತಾರೆ.

ಎಲ್ಲ ಕಾಲುನೋವೂ ಇದಲ್ಲ, ಹೆದರಬೇಡಿ. ಎಲುಬಿನ ಅಂಚಿನ ಉದ್ದಕ್ಕೂ ಗೇಣಷ್ಟು ಜಾಗದಲ್ಲಿ ಹರಡಿದ ನೋವು ಹೆಚ್ಚಾಗಿ ಶಿನ್ ಸ್ಪ್ಲಿಂಟ್ಸ್. ಓಟ ನಿಲ್ಲಿಸಿ ಕೆಲವು ವಾರ ಕಾಲಿಗೆ ಬಿಡುವು ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಒಂದೇ ಬಿಂದುವಿನಲ್ಲಿ, ಹೆಬ್ಬೆರಳು ಮುಚ್ಚುವಷ್ಟು ಜಾಗದಲ್ಲಿ ಚುಚ್ಚುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಅವತ್ತೇ ಎಲುಬಿನ ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ಮಾತು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಈ ಸೀಳು ಕಾಣದೇ ಇರಬಹುದು. 'ಎಕ್ಸ್‌ರೇ ನಾರ್ಮಲ್' ಅಂದ ಮಾತ್ರಕ್ಕೆ ಮತ್ತೆ ಓಡಬೇಡಿ. ನೋವು ಹೋಗದಿದ್ದರೆ ಎಂಆರ್‌ಐ ಬೇಕಾ ಅಂತ ಬಾಯಿಬಿಟ್ಟು ಕೇಳಿ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನೂ ಮುಚ್ಚಿಟ್ಟವನೇ. ಟ್ರಂಕ್ ಹೊತ್ತು ರೈಲು ಹತ್ತುವಾಗಲೇ ಬಲಗಾಲು ನೋಯುತ್ತಿತ್ತು. ಹೇಳಿದರೆ ಎಲ್ಲಿ ವಾಪಸ್ ಕಳಿಸುತ್ತಾರೋ ಅನ್ನುವ ಭಯ. ಮನೆಯಲ್ಲಿ ಸಾಲ ಇತ್ತು, ಊರೆಲ್ಲ ಹಾರ ಹಾಕಿ ಕಳಿಸಿತ್ತು. ನೋವಿನ ಗುಳಿಗೆ ನುಂಗಿ ಎರಡು ವಾರ ತಳ್ಳಿದೆ. ಮೂರನೇ ವಾರ ಡ್ರಿಲ್‌ನಲ್ಲಿ ಬೂಟು ನೆಲಕ್ಕೆ ಬಡಿದಾಗ ಕಾಲೊಳಗೆ ಏನೋ ಚಟ್ ಅಂದಿತು. ಡ್ರಿಲ್ ಕಲಿಸುವ ಉಸ್ತಾದರು ಬೈಯಲಿಲ್ಲ. 'ಮೊದಲೇ ಯಾಕೆ ಹೇಳಲಿಲ್ಲ?' ಅಂದರು ಅಷ್ಟೇ. ಪ್ಲಾಸ್ಟರ್ ಬಿತ್ತು, ನನ್ನನ್ನು ನಮ್ಮ ನಂತರ ಬಂದ ಬ್ಯಾಚಿಗೆ ಹಾಕಿದರು. ಅದಕ್ಕೆ ಅಲ್ಲಿ ರೆಲಿಗೇಟ್ ಆಗೋದು ಅಂತಾರೆ. ನನ್ನ ಜೊತೆ ಬಂದ ಹುಡುಗರ ಕಸಮ್ ಪರೇಡ್, ಅಂದರೆ ಟ್ರೇನಿಂಗ್ ಮುಗಿಸಿ ಪ್ರಮಾಣ ಮಾಡುವ ಪರೇಡ್, ಅದರ ದಿನ ನಾನು ಬ್ಯಾರಕ್ಕಿನ ಕಿಟಕಿಯಲ್ಲಿ ನಿಂತು ಬ್ಯಾಂಡ್ ಕೇಳಿದೆ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಗುಳಿಗೆ ನೋವನ್ನಷ್ಟೇ ಮುಚ್ಚುತ್ತದೆ, ಸೀಳನ್ನು ಕೂಡಿಸುವುದಿಲ್ಲ. ಓಡುವ ಮುಂಚೆ ಸೂಜಿ ಹಾಕಿಸಿಕೊಳ್ಳುವವರಿದ್ದಾರೆ, ದಯವಿಟ್ಟು ಬೇಡ. ನೋಯುವ ಎಲುಬಿನ ಮೇಲೆ ಎಣ್ಣೆ ಹಾಕಿ ಗಟ್ಟಿಯಾಗಿ ಉಜ್ಜಿಸುವುದೂ ಬೇಡ.

ಹಾಗಂತ ಹಾಸಿಗೆ ಹಿಡಿಯಬೇಕಾಗಿಲ್ಲ. ಡಾಕ್ಟರು ಒಪ್ಪಿದರೆ ಸೈಕಲ್ ಹೊಡೆಯಿರಿ, ಕೆರೆಯಲ್ಲಿ ಅಲ್ಲ, ಈಜುಕೊಳದಲ್ಲಿ ಈಜಿ. ಪುಲ್ ಅಪ್ಸ್ ಬಿಡಬೇಡಿ, ಕೈಗೇನೂ ಆಗಿಲ್ಲವಲ್ಲ. ರಾಗಿ ಮುದ್ದೆ ಉಣ್ಣಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಹಾಲು, ಮೊಟ್ಟೆ, ಬೆಳಗಿನ ಬಿಸಿಲು, ಚೆನ್ನಾಗಿ ನಿದ್ದೆ. ಸೀಳು ಕೂಡುವುದಕ್ಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಹೊರಡುವ ದಿನ ಅದಕ್ಕಿಂತ ಹತ್ತಿರ ಇದ್ದರೆ, ಡಾಕ್ಟರ ಚೀಟಿ, ಸ್ಕ್ಯಾನ್ ಎಲ್ಲ ಹಿಡಿದು ನೇಮಕಾತಿ ಕಚೇರಿಗೆ ನೀವೇ ಹೋಗಿ ಹೇಳಿ. ಜೊತೆಗೆ ಅಪ್ಪನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ. ಒಬ್ಬನೇ ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಆ ಹುಡುಗನ ಕಥೆ ಹೇಳಿ ಮುಗಿಸುತ್ತೇನೆ. ಅವತ್ತೇ ಅವರಮ್ಮನಿಗೆ ಫೋನ್ ಮಾಡಿಸಿದೆ. ಎಂಆರ್‌ಐಯಲ್ಲಿ ಸೀಳು ಇರಲಿಲ್ಲ, ಎಲುಬು ಊದಿತ್ತು ಅಷ್ಟೇ. ಮೂರು ವಾರ ಅವನು ಓಡಲಿಲ್ಲ. ಬೇರೆಯವರು ಓಡುವಾಗ ಮೈದಾನದ ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ, ಮುಖ ಸಣ್ಣದು ಮಾಡಿಕೊಂಡು. ಹೋದ ಸೋಮವಾರ ಡಾಕ್ಟರು ಒಪ್ಪಿಗೆ ಕೊಟ್ಟರು. ಮಂಗಳವಾರ ಬೆಳಿಗ್ಗೆ ಬಂದವನೇ, ನಾನು ಕೇಳುವ ಮೊದಲೇ ಪ್ಯಾಂಟ್ ಮಡಚಿ ಕಾಲು ಮುಂದಿಟ್ಟ. ಹೆಬ್ಬೆರಳಿಟ್ಟು ಮೇಲಿಂದ ಕೆಳಗೆ ಒತ್ತಿದೆ. ಅವನ ಕೈ ತೊಡೆಯ ಮೇಲೇ ಇತ್ತು.

'ಎರಡೇ ಸುತ್ತು,' ಅಂದೆ. 'ಮಣ್ಣಿನ ಮೇಲೆ, ನಿಧಾನವಾಗಿ.'

ನಮಸ್ಕಾರ.