ಮೊದಲು ಕೈಯಿಂದ ಎಸೆಯಿರಿ, ರೇಡಿಯೊ ಆಮೇಲೆ

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದನ್ನು ನೋಡಿ. ಥರ್ಮಾಕೋಲ್ ಹಲಗೆಯಲ್ಲಿ ಕತ್ತರಿಸಿದ ಒಂದು ರೆಕ್ಕೆ, ಒಂದು ಬಿದಿರು ಕಡ್ಡಿ, ಹಿಂದೆ ಪುಟ್ಟ ಬಾಲ, ಮೂತಿಗೆ ಅಂಟಿಸಿದ ಒಂದು ನಾಣ್ಯ. ಅಷ್ಟೇ. ಮೋಟರ್ ಇಲ್ಲ, ಬ್ಯಾಟರಿ ಇಲ್ಲ, ರಿಮೋಟ್ ಇಲ್ಲ. ಮೆಲ್ಲಗೆ ತಳ್ಳಿದರೆ ಸಾಕು, ಈ ಹಾಲ್‌ನ ಆ ಗೋಡೆಯವರೆಗೂ ತಾನೇ ತೇಲಿಕೊಂಡು ಹೋಗುತ್ತದೆ. ಪಕ್ಕದ ಮೇಜಿನ ಮೇಲೆ ರೇಡಿಯೊದಿಂದ ನಡೆಸುವ, ಒಂದು ಮೀಟರ್ ರೆಕ್ಕೆಯ ಆರ್‌ಸಿ ವಿಮಾನ ಇದೆ, ನೀವೆಲ್ಲ ಬಂದಿರುವುದು ಅದನ್ನು ನೋಡಲು ಅಂತ ಗೊತ್ತು. ಆದರೆ ನಾನು ಹೇಳಬೇಕೆಂದಿರುವ ಮಾತು ಈ ಚಿಕ್ಕದರಲ್ಲಿದೆ. ಕೈಯಿಂದ ಎಸೆದಾಗ ತಾನಾಗಿ ತೇಲದ ವಿಮಾನಕ್ಕೆ ಎಷ್ಟು ದುಬಾರಿ ರೇಡಿಯೊ ಹಾಕಿದರೂ ಅದು ಹೊಸಬರ ಕೈಯಲ್ಲಿ ಹಾರುವುದಿಲ್ಲ. ಹಾರಿಸುವುದು ರೆಕ್ಕೆ. ರೇಡಿಯೊ ಬರೀ ದಾರಿ ಹೇಳುತ್ತದೆ.

ಇದು ನಾನು ಕಂಡುಹಿಡಿದದ್ದಲ್ಲ. 1871ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಟ್ಯುಲೆರೀಸ್ ತೋಟದಲ್ಲಿ ಅಲ್ಫೋನ್ಸ್ ಪೆನೋ ಎಂಬ 21 ವರ್ಷದ ಹುಡುಗ ರಬ್ಬರ್ ಹುರಿಯಿಂದ ಪಂಖ ತಿರುಗುವ ಪುಟ್ಟ ವಿಮಾನ ಹಾರಿಸಿ ತೋರಿಸಿದ. ಸೊಂಟದ ಕಾಯಿಲೆಯಿಂದ ನೌಕಾಪಡೆ ಸೇರಲಾಗದೆ ಉಳಿದವನು ಅವನು. 11 ಸೆಕೆಂಡ್, ಸುಮಾರು 40 ಮೀಟರ್. ಕೇಳಿದರೆ ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಯಾರೂ ಹಿಡಿಯದೆ, ಯಾರೂ ತಿದ್ದದೆ, ತಾನೇ ಸಮತೋಲ ಕಾಯ್ದುಕೊಂಡು ಹಾರಿತು. ರೆಕ್ಕೆಯ ತುದಿಗಳನ್ನು ಸ್ವಲ್ಪ ಮೇಲಕ್ಕೆ ಬಾಗಿಸಿದ್ದ, ಹಿಂದೆ ಒಂದು ಬಾಲ ಇಟ್ಟು ಅದನ್ನು ರೆಕ್ಕೆಗಿಂತ ಒಂಚೂರು ಬೇರೆ ಕೋನದಲ್ಲಿ ಕೂರಿಸಿದ್ದ. ಇಂದು ನೀವು ಕಟ್ಟುವ ಮೊದಲ ವಿಮಾನದಲ್ಲಿರುವುದೂ ಅದೇ. ಅವನದೇ ಮಾದರಿಯ ರಬ್ಬರ್ ಆಟಿಕೆ ಹೆಲಿಕಾಪ್ಟರ್ ಒಂದನ್ನು 1878ರಲ್ಲಿ ಅಮೆರಿಕದ ಒಬ್ಬ ತಂದೆ ತನ್ನ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟರು. ಮಕ್ಕಳ ಹೆಸರು ವಿಲ್ಬರ್ ಮತ್ತು ಆರ್ವಿಲ್ ರೈಟ್.

ಬೆಂಗಳೂರಿಗೆ ಹೋದಾಗ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸೋದರರ 1903ರ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿ ಇದೆ, ನೋಡಿ ಬನ್ನಿ. ಅದರಲ್ಲಿ ಎಲಿವೇಟರ್, ಅಂದರೆ ಮೂತಿಯನ್ನು ಮೇಲೆ ಕೆಳಗೆ ಮಾಡುವ ಹಲಗೆ, ಹಿಂದೆ ಇಲ್ಲ, ಮುಂದೆ ಇದೆ. ತಾನಾಗಿ ಸಮ ನಿಲ್ಲುವ ವಿಮಾನವಲ್ಲ ಅದು, ಪ್ರತಿ ಕ್ಷಣವೂ ಪೈಲಟ್ ತಿದ್ದುತ್ತಲೇ ಇರಬೇಕಿತ್ತು. ಅದೇ ಬೆಂಗಳೂರಿನಲ್ಲಿ 2001ರಲ್ಲಿ ಮೊದಲ ಸಲ ಹಾರಿದ ತೇಜಸ್ ಕೂಡ ಬೇಕಂತಲೇ ಅಸ್ಥಿರವಾಗಿ ಮಾಡಿದ ವಿಮಾನ. ಚುರುಕಾಗಿ ತಿರುಗಲಿ ಅಂತ ಹಾಗೆ ಮಾಡಿದ್ದಾರೆ, ಅದನ್ನು ಹಿಡಿದು ನಿಲ್ಲಿಸುವುದು ಒಳಗಿನ ಕಂಪ್ಯೂಟರ್. ನೀವು ಮದುವೆಗಳಲ್ಲಿ ನೋಡುವ ನಾಲ್ಕು ಪಂಖದ ಡ್ರೋನ್ ಕೂಡ ಅಷ್ಟೇ, ಕಂಪ್ಯೂಟರ್ ಆಫ್ ಆದರೆ ಇಟ್ಟಿಗೆ ಥರ ಬೀಳುತ್ತದೆ. ಡ್ರೋನ್ ಬಗ್ಗೆ ನನಗೆ ಕೋಪ ಇಲ್ಲ. ಆದರೆ ಗಾಳಿ ಅಂದರೆ ಏನು, ರೆಕ್ಕೆ ಅಂದರೆ ಏನು ಅಂತ ಕೈಗೆ ತಿಳಿಯಬೇಕಾದರೆ ಕಂಪ್ಯೂಟರ್ ಇಲ್ಲದ, ತಾನಾಗಿ ತೇಲುವ ವಿಮಾನದಿಂದಲೇ ಶುರು ಮಾಡಬೇಕು.

ನನ್ನ ಮೊದಲ ವಿಮಾನದ ಕಥೆ ಹೇಳುತ್ತೇನೆ. ಎರಡು ತಿಂಗಳು ಕೂತು ಕಟ್ಟಿದ್ದೆ. ಗಟ್ಟಿಯಾಗಿರಲಿ ಅಂತ ಬಾಲದ ಹತ್ತಿರ ಗ್ಲೂ ಗನ್‌ನಿಂದ ಅಂಟು ಸುರಿದಿದ್ದೆ, ಮೇಲೆ ಎರಡು ಸುತ್ತು ಟೇಪ್, ಅದರ ಮೇಲೆ ಬಣ್ಣ. ನೋಡಲು ಚೆನ್ನಾಗಿತ್ತು. ಕೈಯಿಂದ ಎಸೆದು ನೋಡುವ ಬುದ್ಧಿ ಬರಲಿಲ್ಲ, ನೇರ ಥ್ರಾಟಲ್ ಕೊಟ್ಟೆ, ಅಂದರೆ ಮೋಟರ್ ಜೋರು ಮಾಡಿದೆ. ಮೂತಿ ಮೇಲೆತ್ತಿತು, ಇನ್ನೂ ಎತ್ತಿತು, ನಾನು ರಿಮೋಟಿನ ಸ್ಟಿಕ್ ಮುಂದಕ್ಕೆ ತಳ್ಳುತ್ತಲೇ ಇದ್ದೆ, ಅದು ಒಂದು ಕ್ಷಣ ನಿಂತ ಹಾಗೆ ನಿಂತು ಎಡಕ್ಕೆ ಮಗುಚಿ ನೆಲಕ್ಕೆ ಬಿತ್ತು. ನಾಲ್ಕು ಸೆಕೆಂಡ್ ಇರಬಹುದು. ಮನೆಗೆ ಬಂದು ಚೂರುಗಳನ್ನು ಜೋಡಿಸಿ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದಾಗ ಬಾಲ ದಪ್ಪನೆ ಕೆಳಗೆ ಬಿತ್ತು. ಉತ್ತರ ಅಲ್ಲೇ ಇತ್ತು. ಎರಡು ತಿಂಗಳಲ್ಲಿ ಒಮ್ಮೆಯಾದರೂ ಆ ಎರಡು ಬೆರಳು ಇಟ್ಟಿದ್ದರೆ!

ಈ ಹವ್ಯಾಸದವರು ಪ್ರಪಂಚದ ಎಲ್ಲ ಕಡೆ ಒಂದು ಮಾತು ಹೇಳುತ್ತಾರೆ: ಮೂತಿ ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ. ಯಾಕೆ ಅಂತ ಅರ್ಥ ಮಾಡಿಕೊಳ್ಳಿ. ತೂಕದ ಕೇಂದ್ರ, ನಾವು ಸಿಜಿ ಅನ್ನುತ್ತೇವೆ, ಮುಂದಿದ್ದರೆ ಗಾಳಿಯ ಹೊಡೆತಕ್ಕೆ ಮೂತಿ ಮೇಲೆದ್ದಾಗ ವಿಮಾನ ತಾನೇ ಅದನ್ನು ಕೆಳಗಿಳಿಸುತ್ತದೆ. ಹಿಂದಿದ್ದರೆ ಉಲ್ಟಾ. ಎದ್ದ ಮೂತಿ ಇನ್ನೂ ಏಳುತ್ತದೆ, ವೇಗ ಸಾಯುತ್ತದೆ, ರೆಕ್ಕೆ ಮೇಲಿನ ಗಾಳಿ ಬಿಟ್ಟುಹೋಗುತ್ತದೆ. ಅದೇ ಸ್ಟಾಲ್. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಳತೆಯ, ಸುಮಾರು 30 ಪರ್ಸೆಂಟ್ ಹಿಂದೆ ಸಿಜಿ ಇಡಿ. ರೆಕ್ಕೆ 18 ಸೆಂ.ಮೀ. ಅಗಲ ಇದ್ದರೆ ಮುಂದಿನಿಂದ 5.4 ಸೆಂ.ಮೀ. ಅಲ್ಲಿ ಪೆನ್ನಿಂದ ಗೆರೆ ಎಳೆದುಬಿಡಿ. ಪ್ರತಿ ಸಲ ಹಾರಿಸುವ ಮೊದಲು ಬ್ಯಾಟರಿ ಹಾಕಿ, ಆ ಗೆರೆಗೆ ಬೆರಳಿಟ್ಟು ಎತ್ತಿ. ಪ್ರತಿ ಸಲ.

ಇನ್ನೊಂದು ಲೆಕ್ಕ. ಸಿಜಿಯಿಂದ ಬಾಲ 60 ಸೆಂ.ಮೀ. ದೂರ, ಮೂತಿ 20 ಸೆಂ.ಮೀ. ದೂರ ಅಂದುಕೊಳ್ಳಿ. ತಕ್ಕಡಿ ಲೆಕ್ಕ ಇದು. ಬಾಲದಲ್ಲಿ ಒಂದು ಗ್ರಾಂ ಅಂಟು ಜಾಸ್ತಿಯಾದರೆ ಮೂತಿಯಲ್ಲಿ ಮೂರು ಗ್ರಾಂ ಸೀಸ ಇಡಬೇಕು. ನಾನು ಸುರಿದಿದ್ದ ಅಂಟು ಏನು ಮಾಡಿತು ಅಂತ ಈಗ ಗೊತ್ತಾಯಿತಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ತನ್ನಿ. ಈ ಹವ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಹಳಬರು ಬಾಲ್ಸಾ ಎಂಬ ತುಂಬಾ ಹಗುರವಾದ ಮರದಲ್ಲಿ ಕಟ್ಟುತ್ತಿದ್ದರು, ಈಗಲೂ ಕಟ್ಟುವವರಿದ್ದಾರೆ. ಅದು ಹೆಚ್ಚಾಗಿ ಇಕ್ವೆಡಾರ್‌ನಿಂದ ಬರುತ್ತದೆ, ದುಬಾರಿ. ಶುರುವಿಗೆ ಬೇಡ. ಆದರೆ ಬಾಲ್ಸಾ ಏನು ಮಾಡಬಲ್ಲದು ಅಂತ ಒಂದು ಘಟನೆ ಹೇಳಲೇಬೇಕು. 2003ರ ಆಗಸ್ಟ್‌ನಲ್ಲಿ ಮೇನಾರ್ಡ್ ಹಿಲ್ ಎಂಬ ಅಮೆರಿಕದ ಹಿರಿಯರು ಮತ್ತು ಅವರ ತಂಡ ಬಾಲ್ಸಾದ ಒಂದು ಮಾಡೆಲ್ ವಿಮಾನವನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಐರ್ಲೆಂಡ್‌ಗೆ ಹಾರಿಸಿದರು. ಅಟ್ಲಾಂಟಿಕ್ ಸಾಗರ ದಾಟಿ! ಸುಮಾರು 3,000 ಕಿ.ಮೀ., 38 ಗಂಟೆಗೂ ಹೆಚ್ಚು ಹೊತ್ತು, ಇಂಧನ ಸೇರಿ 5 ಕೆ.ಜಿ.ಗಿಂತ ಕಡಿಮೆ ತೂಕ. ಏರುವಾಗ ಮತ್ತು ಇಳಿಯುವಾಗ ರೇಡಿಯೊ, ಮಧ್ಯೆ ಸಾಗರದ ಮೇಲೆ ಒಂದು ಪುಟ್ಟ ಆಟೊಪೈಲಟ್. ಆಗ ಹಿಲ್ ಅವರ ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೆರಳುಗಳಿಂದ ತಡವಿ ಕಟ್ಟುತ್ತಿದ್ದರು. ಇದನ್ನು ಯಾರಿಗಾದರೂ ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನಮ್ಮಲ್ಲಿ ಸಿಗುವ ಸಾಮಾನು ಏನು? 5 ಮಿ.ಮೀ. ಫೋಮ್ ಶೀಟ್, ಡೆಪ್ರಾನ್ ಅಥವಾ ಬಯೋಫೋಮ್ ಅಂತ ಕೇಳಿ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಮೋಟರ್, ಬಾಲದ ಹಲಗೆಗಳನ್ನು ಅಲ್ಲಾಡಿಸುವ ಪುಟ್ಟ ಸರ್ವೋ ಎಲ್ಲ ಸಿಗುತ್ತವೆ, ಬೇರೆ ಊರಿನವರು ಆನ್‌ಲೈನ್ ತರಿಸಬಹುದು. ಸೈಕಲ್ ಕಡ್ಡಿಯಲ್ಲಿ ಚಕ್ರದ ಕಾಲು ಮಾಡಬಹುದು. ರೆಕ್ಕೆಯ ಒಳಗೆ ಬೆನ್ನೆಲುಬಾಗಿ ಒಣ ಬಿದಿರು ಸೀಳಿ ಹಾಕಿ, ಸುಮ್ನೆ ಕಾರ್ಬನ್ ರಾಡ್‌ಗೆ ದುಡ್ಡು ಹಾಕಬೇಡಿ. ಫೋಮ್‌ಗೆ ಫೆವಿಕ್ವಿಕ್ ಮುಟ್ಟಿಸಬೇಡಿ, ಥರ್ಮಾಕೋಲನ್ನು ಅದು ತಿಂದುಬಿಡುತ್ತದೆ, ನಿಮ್ಮ ಕಣ್ಣ ಮುಂದೆಯೇ ಗುಂಡಿ ಬೀಳುತ್ತದೆ. ಫೆವಿಕಾಲ್ ಹಾಕಿ ಒಂದು ರಾತ್ರಿ ಪುಸ್ತಕಗಳ ಕೆಳಗೆ ಒತ್ತಿಡಿ. ಎರಡು ಫೋಮ್ ನಡುವೆ ಗಾಳಿ ಆಡುವುದಿಲ್ಲವಾದ್ದರಿಂದ ನಿಧಾನವಾಗಿ ಒಣಗುತ್ತದೆ, ತಾಳ್ಮೆ ಬೇಕು.

ಮೊದಲ ವಿಮಾನಕ್ಕೆ ಐಲೆರಾನ್, ಅಂದರೆ ವಿಮಾನವನ್ನು ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿ ಇಡುವ ಹಲಗೆ, ಬೇಡ. ಬಾಲದಲ್ಲಿದ್ದು ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್, ಎಲಿವೇಟರ್, ಥ್ರಾಟಲ್, ಮೂರೇ ಸಾಕು. ಎರಡು ರೆಕ್ಕೆಗಳನ್ನು ತುದಿಯಲ್ಲಿ ಚೆನ್ನಾಗಿ ಮೇಲಕ್ಕೆತ್ತಿ ಅಂಟಿಸಿ, ಅದು ಡೈಹೆಡ್ರಲ್. ನೀವು ರಡ್ಡರ್ ಕೊಟ್ಟಾಗ ಮೂತಿ ಒಂದು ಕಡೆ ತಿರುಗುತ್ತದೆ, ಹೊರಗಿನ ರೆಕ್ಕೆಗೆ ಗಾಳಿ ಜಾಸ್ತಿ ಸಿಗುತ್ತದೆ, ಅದು ಮೇಲೇಳುತ್ತದೆ, ವಿಮಾನ ತಾನೇ ವಾಲಿ ತಿರುಗುತ್ತದೆ. ಸ್ಟಿಕ್ ಬಿಟ್ಟರೆ ಮೆಲ್ಲಗೆ ಸಮಕ್ಕೆ ಬರುತ್ತದೆ. ಗಾಬರಿಯಾದಾಗ ಕೈ ಬಿಡಿ ಅಂತ ಹೊಸಬರಿಗೆ ನಾನು ಹೇಳುವುದು ಇದೇ ಧೈರ್ಯದಿಂದ.

ಒಳಗಿನ ಸಾಮಾನು ಬೇಗ ಹೇಳಿಬಿಡುತ್ತೇನೆ. 2212 ಅಂತ ಬರುವ 1000 ಕೆವಿ ಬ್ರಶ್‌ಲೆಸ್ ಮೋಟರ್. ಕೆವಿ ಅಂದರೆ ಭಾರ ಇಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ, ಕಿಲೋವೋಲ್ಟ್ ಅಲ್ಲ. ಮೋಟರ್ ವೇಗ ಹಿಡಿತದಲ್ಲಿಡುವ 30 ಆಂಪ್ ಇಎಸ್‌ಸಿ, 10 ಇಂಚಿನ ಪ್ರಾಪ್ ಅಂದರೆ ಪಂಖ, 9 ಗ್ರಾಂ ಸರ್ವೋ ಎರಡು, 3 ಸೆಲ್‌ನ 2200 ಎಂಎಎಚ್ ಲಿಪೊ ಬ್ಯಾಟರಿ. ಎಲ್ಲ ಸೇರಿ 550 ಗ್ರಾಂ ಒಳಗೆ ನಿಲ್ಲಿಸಿ. ಅದರಲ್ಲಿ ಬ್ಯಾಟರಿಯೇ 180 ಗ್ರಾಂ ಹತ್ತಿರ ಇರುತ್ತದೆ, ಹಾಗಾಗಿ ಅದನ್ನು ಹಿಂದೆಮುಂದೆ ಸರಿಸಿಯೇ ಸಿಜಿ ಹೊಂದಿಸಿಕೊಳ್ಳಬಹುದು, ಸೀಸ ಬೇಕಾಗುವುದಿಲ್ಲ. ಲಿಪೊ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಒಂದು ಸೆಲ್ ತುಂಬಿದಾಗ 4.2 ವೋಲ್ಟ್, ಎತ್ತಿಡುವಾಗ 3.8. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ. ಚಾರ್ಜ್ ಆಗುವಾಗ ಮಲಗಬೇಡಿ, ಮನೆ ಬಿಟ್ಟು ಹೋಗಬೇಡಿ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಪ್ರಾಪ್ ಬಿಚ್ಚಿಡಿ. ಬೆರಳು ಸೀಳಿಸಿಕೊಂಡು ಹೊಲಿಗೆ ಹಾಕಿಸಿಕೊಂಡವರನ್ನು ನಾನು ನೋಡಿದ್ದೇನೆ.

ಹಳೆಯ ಎಂಜಿನ್‌ಗಳ ಬಗ್ಗೆ ಒಂದು ಮಾತು, ಇಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಇದ್ದವರು ಇದ್ದರೆ ನೆನಪಾಗಬಹುದು. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದ ಪುಟ್ಟ ಡೀಸೆಲ್ ಎಂಜಿನ್. ವಿಮಾನ ದಾರದ ತುದಿಯಲ್ಲಿ ಸುತ್ತ ತಿರುಗುತ್ತಿತ್ತು. ಹಾರಿಸಿ ಬಂದ ಮೇಲೆ ಎರಡು ದಿನ ಅಂಗಿಯಲ್ಲಿ ಹರಳೆಣ್ಣೆಯ ವಾಸನೆ. ಆಗ ರೇಡಿಯೊ ಇದ್ದವರದ್ದು ಬೇರೆ ಪಾಡು, ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಸ್ವಿಚ್ ಹಾಕಿದರೆ ಮೇಲಿದ್ದ ವಿಮಾನ ಬಿದ್ದಂತೆಯೇ. ಮೈದಾನದಲ್ಲಿ ಒಂದು ಹಲಗೆಗೆ ಕ್ಲಿಪ್ ಹಾಕಿ ಸರದಿ ಇಟ್ಟುಕೊಳ್ಳುತ್ತಿದ್ದರು. ಈಗಿನ 2.4 ಗಿಗಾಹರ್ಟ್ಸ್ ರೇಡಿಯೊದಲ್ಲಿ ಆ ತೊಂದರೆ ಇಲ್ಲ. ಆದರೂ ಸಿಗ್ನಲ್ ಹೋದರೆ ಮೋಟರ್ ನಿಲ್ಲುವ ಹಾಗೆ ಫೇಲ್‌ಸೇಫ್ ಹಾಕಲು ಮರೆಯಬೇಡಿ.

ಈ ರೇಡಿಯೊ ಹವ್ಯಾಸ ಶುರುವಾದದ್ದೂ ತಾನಾಗಿ ಹಾರುವ ವಿಮಾನದಿಂದಲೇ. 1937ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು ಗಫ್ ಎಂಬ ದೊಡ್ಡ ಮಾಡೆಲ್‌ಗೆ ರೇಡಿಯೊ ಕೂರಿಸಿ ಹಾರಿಸಿದರು. ಈಗ ಅದು ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿದೆ. ಆ ಕಾಲದ ರೇಡಿಯೊ ನಂಬಿ ಕೂರುವಂಥದ್ದಲ್ಲ, ಕೈಕೊಟ್ಟಾಗಲೂ ವಿಮಾನ ಹಾರುತ್ತಿರಲೇಬೇಕಿತ್ತು.

ಈಗ ಮೈದಾನ. ನಮ್ಮ ಕಡೆ ಇದಕ್ಕೆ ಕೆರೆ ಅಂಗಳದಂಥ ಜಾಗ ಇನ್ನೊಂದಿಲ್ಲ. ಸಂಕ್ರಾಂತಿ ಕಳೆದು ನೀರು ಇಳಿದ ಮೇಲೆ ಮುಂಗಾರಿನವರೆಗೂ ಹುಲ್ಲು, ಒಣ ಮಣ್ಣು, ಮರ ಇಲ್ಲ, ತಂತಿ ಇಲ್ಲ. ರಾಗಿ ಕೊಯ್ದ ಹೊಲವೂ ಆಗುತ್ತದೆ, ಹೊಲದವರನ್ನು ಕೇಳಿ. ಬೆಳಿಗ್ಗೆ ಆರೂವರೆಗೆ ಅಲ್ಲಿರಿ. ಎಂಟೂವರೆ ಆದ ಮೇಲೆ ನೆಲ ಕಾದು ಬಿಸಿ ಗಾಳಿ ಗುಳ್ಳೆಗಳಾಗಿ ಮೇಲೇಳುತ್ತದೆ, ಚಿಕ್ಕ ವಿಮಾನ ಕುಣಿಯುತ್ತದೆ. ಸ್ವಲ್ಪ ಕಲಿತ ಮೇಲೆ ಇದೇ ಬಿಸಿ ಗಾಳಿ ನಿಮ್ಮ ಗೆಳೆಯ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುವ ಜಾಗ ನೋಡಿ, ಅಲ್ಲಿಗೆ ಗ್ಲೈಡರ್, ಅಂದರೆ ತೇಲಲೆಂದೇ ಮಾಡಿದ ವಿಮಾನ, ಒಯ್ದು ಮೋಟರ್ ಆಫ್ ಮಾಡಿ. ನಾನು ಒಮ್ಮೆ 20 ನಿಮಿಷ ಹಾಗೆ ನಿಂತಿದ್ದೆ, ಮೋಟರ್ ಸದ್ದಿಲ್ಲ, ಮೇಲೆ ಎರಡು ಹದ್ದು, ಕೆಳಗೆ ನನ್ನ ಬಿಳಿ ರೆಕ್ಕೆ. ಆಷಾಢದ ಗಾಳಿಯಲ್ಲಿ ಮಾತ್ರ ಹಾರಿಸಬೇಡಿ, ಅದು ಗಾಳಿಪಟದ ಕಾಲ.

ಹಾರಿಸುವಾಗ ಎಲ್ಲರಿಗೂ ತಪ್ಪುವುದು ಒಂದೇ ಕಡೆ. ವಿಮಾನ ನಿಮ್ಮ ಕಡೆಗೆ ಬರುವಾಗ ಎಡ ಬಲ ಉಲ್ಟಾ ಆಗುತ್ತದೆ. ಯೋಚಿಸಿ ಸ್ಟಿಕ್ ಒತ್ತುವಷ್ಟರಲ್ಲಿ ನೆಲ ಬಂದಿರುತ್ತದೆ. ಯೋಚನೆ ಬೇಡ. ಯಾವ ರೆಕ್ಕೆ ಕೆಳಗೆ ವಾಲಿದೆ ನೋಡಿ, ಸ್ಟಿಕ್ಕನ್ನು ಆ ಕಡೆಗೇ ತಳ್ಳಿ, ಬೀಳುವ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಹತ್ತು ಗಂಟೆ ಇದನ್ನೇ ಮಾಡಿ. ಇನ್ನೊಂದು, ಹೊರಡುವ ಮೊದಲು ವಿಮಾನದ ಹಿಂದೆ ನಿಂತು ಸ್ಟಿಕ್ ಅಲ್ಲಾಡಿಸಿ ನೋಡಿ. ಬಲಕ್ಕೆ ತಳ್ಳಿದರೆ ರಡ್ಡರ್ ಬಲಕ್ಕೆ ಹೋಗಬೇಕು. ನನ್ನ ಮೂರನೇ ವಿಮಾನದ ಸರ್ವೋ ಉಲ್ಟಾ ಇತ್ತು, ನೋಡದೆ ಬಿಟ್ಟೆ, ಕೆರೆ ಏರಿಯ ಆಚೆಯ ನೀಲಗಿರಿ ತೋಪಿಗೆ ಹೋಯಿತು.

ಕಾನೂನು ಇದೆ, ಗೌರವಿಸಿ. 2021ರ ಡ್ರೋನ್ ನಿಯಮಗಳು ನಮ್ಮ ಮಾಡೆಲ್ ವಿಮಾನಗಳಿಗೂ ಅನ್ವಯಿಸುತ್ತವೆ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಹಸಿರು ವಲಯದಲ್ಲಿ, ಅಂದರೆ ಮೊದಲೇ ಅನುಮತಿ ಬೇಡದ ಜಾಗದಲ್ಲಿ, ಸಾಮಾನ್ಯವಾಗಿ 400 ಅಡಿ ಎತ್ತರದವರೆಗೆ ಹಾರಿಸಬಹುದು. ವಿಮಾನ ನಿಲ್ದಾಣ, ಸೇನೆಯ ಜಾಗಗಳ ಸುತ್ತ ನಿರ್ಬಂಧ ಇದೆ. ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ನಿಮ್ಮ ಮೈದಾನ ಯಾವ ವಲಯದಲ್ಲಿದೆ, ಏನೇನು ನೋಂದಣಿ ಬೇಕು ಅಂತ ಮೊದಲೇ ನೋಡಿಕೊಳ್ಳಿ. ಜನರ ತಲೆ ಮೇಲೆ, ದನ ಮೇಯಿಸುವವರ ಮೇಲೆ ಹಾರಿಸಲೇಬೇಡಿ. ಅರ್ಧ ಕೆ.ಜಿ. ವಿಮಾನ, ತಿರುಗುವ ಪ್ರಾಪ್, ಅದು ಆಟಿಕೆಯಲ್ಲ.

ಸರಿ, ಈಗ ಎಲ್ಲರೂ ಹೊರಗೆ ಬನ್ನಿ. ಬಾಗಿಲ ಹತ್ತಿರದ ಮೇಜಿನ ಮೇಲೆ ಹನ್ನೆರಡು ಗ್ಲೈಡರ್ ಇಟ್ಟಿದ್ದೇನೆ, ಯಾವುದಕ್ಕೂ ನಾಣ್ಯ ಅಂಟಿಸಿಲ್ಲ. ಗಾಳಿಗೆ ಎದುರಾಗಿ, ಭುಜದ ಎತ್ತರದಿಂದ, ಸಮವಾಗಿ, ಜೋರಾಗಿ ಅಲ್ಲ, ತಳ್ಳಿ. ಮೂತಿ ಎದ್ದು ಬಿದ್ದರೆ ಮೂತಿಗೆ ಒಂದು ನಾಣ್ಯ ಅಂಟಿಸಿ ಮತ್ತೆ ತಳ್ಳಿ. ನೇರ ನೆಲಕ್ಕೆ ಹೋದರೆ ನಾಣ್ಯವನ್ನು ಒಂದು ಬೆರಳು ಹಿಂದಕ್ಕೆ ಸರಿಸಿ. ಐದಾರು ಸಲ ಬೇಕಾಗುತ್ತದೆ. ತೇಲಲು ಶುರುವಾದ ತಕ್ಷಣ ನನ್ನನ್ನು ಕರೆಯಿರಿ, ಅದು ಎಲ್ಲಿ ಸಮತೂಗುತ್ತಿದೆ ಅಂತ ಸ್ಕೇಲ್ ಇಟ್ಟು ಅಳೆದು ರೆಕ್ಕೆಯ ಮೇಲೆ ಗೆರೆ ಎಳೆಯೋಣ.