ಬೆಟ್ಟದ ಬೆಂಕಿಗೆ ಒಯ್ದ ಉಂಗುರ

ಕೇಳುಗರಿಗೆ ನಮಸ್ಕಾರ.

ಭೀಮ ಹೊರಟದ್ದು ಸೌಗಂಧಿಕಾ ಪುಷ್ಪಕ್ಕೆ, ಹನುಮಂತ ಸಂಜೀವಿನಿಗೆ, ಗರುಡ ಅಮೃತಕ್ಕೆ. ಹೀಗೆ ವೀರರು ಏನನ್ನಾದರೂ ತರಲು ಹೊರಡುವ ಕಥೆಗಳನ್ನೇ ಕೇಳಿ ಬೆಳೆದವರು ನಾವು. ಇವತ್ತು ನಾನು ಮಾತನಾಡುವುದು, ಕೈಯಲ್ಲಿರುವುದನ್ನು ಕಳೆದು ಬರಲು ಹೊರಟ ಒಬ್ಬ ಪುಟ್ಟ ಆಳಿನ ವಿಚಾರ.

ಅವನ ಹೆಸರು ಫ್ರೋಡೋ. ಹಾಬಿಟ್ ಎಂಬ ಕುಳ್ಳ ಜನಾಂಗದವನು. ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟಾಲ್ಕಿನ್ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ನಾಯಕ. ಅವನಿಗೆ ಬಂಧು ಬಿಲ್ಬೋನಿಂದ ಒಂದು ಚಿನ್ನದ ಉಂಗುರ ಬಂದಿದೆ. ಅದನ್ನು ತೊಟ್ಟವರು ಯಾರ ಕಣ್ಣಿಗೂ ಕಾಣುವುದಿಲ್ಲ. ಮಾಂತ್ರಿಕ ಗ್ಯಾಂಡಾಲ್ಫ್ ಒಂದು ದಿನ ಅದನ್ನು ಫ್ರೋಡೋನ ಮನೆಯ ಒಲೆಗೆ ಎಸೆಯುತ್ತಾನೆ. ಹೊರಗೆ ತೆಗೆದು ಅಂಗೈ ಮೇಲಿಟ್ಟರೆ ಉಂಗುರ ತಣ್ಣಗಿದೆ! ಆದರೆ ಅದರ ಮೈಮೇಲೆ ಬೆಂಕಿಯ ಗೆರೆಗಳಂತೆ ಅಕ್ಷರಗಳು ಎದ್ದಿವೆ. ಸೌರಾನ್ ಎಂಬ ದುಷ್ಟ ಒಡೆಯ ತನ್ನ ಶಕ್ತಿಯ ಬಹುಪಾಲನ್ನು ಎರೆದು ಮಾಡಿದ ಉಂಗುರ ಅದು. ಅದನ್ನು ಎರಕ ಹೊಯ್ದ ಜ್ವಾಲಾಮುಖಿಯ ಬೆಂಕಿಯಲ್ಲಿ ಮಾತ್ರ ಅದು ಕರಗುತ್ತದೆ. ಆ ಬೆಟ್ಟ ಇರುವುದು ಸೌರಾನನ ನಾಡಾದ ಮೊರ್ಡೋರಿನ ಒಳಗೇ.

ಏನು ಮಾಡಬೇಕೆಂದು ರಿವೆಂಡೆಲ್ ಎಂಬಲ್ಲಿ ಹಿರಿಯರ ಸಭೆ ಸೇರುತ್ತದೆ. ಕಡಲಿನ ಆಳಕ್ಕೆ ಎಸೆದುಬಿಡೋಣ ಎನ್ನುವ ಸಲಹೆ ಬರುತ್ತದೆ. ಗ್ಯಾಂಡಾಲ್ಫ್ ಒಪ್ಪುವುದಿಲ್ಲ. ನೀರಿನ ಆಳದಲ್ಲೂ ಜೀವಿಗಳಿವೆ, ಕಡಲು ಹಿಂದೆ ಸರಿದು ನೆಲ ಮೇಲೇಳಬಹುದು, ಮುಂದಿನ ಕಾಲದವರ ತಲೆಗೆ ಇದನ್ನು ಕಟ್ಟಬಾರದು ಎನ್ನುವುದು ಅವನ ವಾದ.

ಈ ಪುಟ ಓದುವಾಗಲೆಲ್ಲ ನನ್ನ ಮನಸ್ಸು ದ್ವಾರಕೆಗೆ ಹೋಗುತ್ತದೆ. ಮಹಾಭಾರತದ ಮೌಸಲ ಪರ್ವದಲ್ಲಿ ಯಾದವ ಹುಡುಗರು ಕೃಷ್ಣನ ಮಗ ಸಾಂಬನಿಗೆ ಬಸುರಿಯ ವೇಷ ಹಾಕಿ ಋಷಿಗಳನ್ನು ಕೆಣಕುತ್ತಾರೆ. ಕುಲವನ್ನೇ ನಾಶಮಾಡುವ ಕಬ್ಬಿಣದ ಒನಕೆ ಹುಟ್ಟಲಿ ಎಂದು ಋಷಿಗಳು ಶಪಿಸುತ್ತಾರೆ, ಒನಕೆ ಹುಟ್ಟುತ್ತದೆ. ಅರಸ ಅದನ್ನು ನುಣ್ಣಗೆ ಪುಡಿ ಮಾಡಿಸಿ ಸಮುದ್ರಕ್ಕೆ ಸುರಿಸುತ್ತಾನೆ. ಊರಿನಲ್ಲಿ ಮದ್ಯ ಕಾಯಿಸಿದವರನ್ನು ಬಂಧುಗಳ ಸಮೇತ ಶೂಲಕ್ಕೇರಿಸುವುದಾಗಿ ಡಂಗುರವೂ ಆಗುತ್ತದೆ. ಭಾಗವತ ಹೇಳುವಂತೆ ಆ ಪುಡಿ ಅಲೆಗಳ ಜೊತೆ ದಡ ಸೇರಿ ಜೊಂಡು ಹುಲ್ಲಾಗಿ ಬೆಳೆಯಿತು. ಉಳಿದ ಚೂರನ್ನು ಮೀನು ನುಂಗಿತು, ಮೀನು ಬಲೆಗೆ ಬಿತ್ತು, ಚೂರು ಬೇಡನ ಬಾಣದ ಮೊನೆಯಾಯಿತು. ಕುರುಕ್ಷೇತ್ರ ಯುದ್ಧ ಕಳೆದು ಮೂವತ್ತಾರನೆಯ ವರ್ಷ ಪ್ರಭಾಸದ ಕಡಲ ತೀರದಲ್ಲಿ ಯಾದವರು ಕಂಠಪೂರ್ತಿ ಕುಡಿದರು. ಮಲಗಿದ್ದವರನ್ನು ಕೊಂದವನು ನೀನು ಎಂದು, ಯುದ್ಧದಲ್ಲಿ ಪಾಂಡವರ ಕಡೆಗಿದ್ದ ಸಾತ್ಯಕಿ ಕೌರವರ ಕಡೆಗಿದ್ದ ಕೃತವರ್ಮನನ್ನು ಹಂಗಿಸಿದ. ಕೈ ಕತ್ತರಿಸಿಕೊಂಡು ಕುಳಿತಿದ್ದ ಭೂರಿಶ್ರವಸನನ್ನು ಕೊಂದವನು ನೀನಲ್ಲವೇ ಎಂದು ಕೃತವರ್ಮ ತಿರುಗಿಸಿದ. ಸಾತ್ಯಕಿಯ ಕತ್ತಿ ಕೃತವರ್ಮನ ತಲೆಯನ್ನು ಹಾರಿಸಿತು. ಮುಂದೆ ಕಿತ್ತುಕೊಂಡ ಹುಲ್ಲೆಲ್ಲ ಕೈಯಲ್ಲಿ ಒನಕೆಯಾಯಿತು.

ಕಬ್ಬಿಣವನ್ನು ಅಷ್ಟು ಶ್ರದ್ಧೆಯಿಂದ ಅರೆದವರು ಎದೆಯೊಳಗಿನ ಹಗೆಯನ್ನು ಮೂವತ್ತಾರು ವರ್ಷ ಹಾಗೆಯೇ ಇಟ್ಟುಕೊಂಡಿದ್ದರು. ಟಾಲ್ಕಿನ್‌ರ ಕಥೆಯ ಜೀವಾಳವೂ ಇದರ ಹತ್ತಿರವೇ ಇದೆ ಎಂದು ನಾನು ನಂಬಿದ್ದೇನೆ.

ರಿವೆಂಡೆಲ್ ಸಭೆಯಲ್ಲಿ ಬೊರೊಮಿರ್ ಎಂಬ ವೀರ ಕೇಳುತ್ತಾನೆ: ಇಂಥ ಆಯುಧ ಕೈಗೆ ಬಂದಿರುವಾಗ ಶತ್ರುವಿನ ಮೇಲೇ ಏಕೆ ಬಳಸಬಾರದು? ನ್ಯಾಯವಾದ ಪ್ರಶ್ನೆಯೇ. ಬಳಸಿದವನು ಗೆದ್ದರೂ ಇನ್ನೊಬ್ಬ ಸೌರಾನನೇ ಆಗುತ್ತಾನೆ ಎನ್ನುವುದು ಅದಕ್ಕೆ ಸಿಗುವ ಉತ್ತರ. ಫ್ರೋಡೋ ತಾನಾಗಿ ಕೊಡಲು ಬಂದಾಗಲೂ ಗ್ಯಾಂಡಾಲ್ಫ್ ಉಂಗುರವನ್ನು ಮುಟ್ಟುವುದಿಲ್ಲ, ಎಲ್ಫ್ ಜನರ ಒಡತಿ ಗಲಾಡ್ರಿಯೆಲ್ ಆಸೆಪಟ್ಟು, ಹೆದರಿ, ಕೈ ಹಿಂತೆಗೆಯುತ್ತಾಳೆ. ಟಾಲ್ಕಿನ್ 1916ರಲ್ಲಿ ಫ್ರಾನ್ಸಿನ ಸೋಮ್ ಕಾಳಗದಲ್ಲಿ ಸೈನಿಕರಾಗಿದ್ದವರು. ಈ ಕಥೆ ಎರಡನೆಯ ಮಹಾಯುದ್ಧದ ರೂಪಕವೇ ಎಂದು ಓದುಗರು ಕೇಳಿದಾಗ, ನಿಜವಾದ ಯುದ್ಧವಾಗಿದ್ದರೆ ಉಂಗುರವನ್ನು ಕಿತ್ತುಕೊಂಡು ಬಳಸುತ್ತಿದ್ದರು ಎಂದು ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಬರೆದರು.

ಕೊನೆಯ ದಾರಿ ಮೊರ್ಡೋರಿನ ಬೂದಿ ನೆಲದಲ್ಲಿ. ಜೊತೆಗಿರುವವನು ತೋಟದ ಮಾಲಿ ಸ್ಯಾಮ್ ಒಬ್ಬನೇ. ಹೊರೆ ಇಳಿಸಲೇಬೇಕಾದಾಗ ಸ್ಯಾಮ್ ಅಷ್ಟು ದೂರದಿಂದ ಹೊತ್ತು ತಂದಿದ್ದ ಅಡುಗೆ ಪಾತ್ರೆಗಳನ್ನು ಒಂದು ಬಿರುಕಿನೊಳಗೆ ಎಸೆಯುತ್ತಾನೆ, ಅವು ಉರುಳುವ ಸದ್ದಿಗೆ ಅವನ ಎದೆ ಒಡೆಯುತ್ತದೆ. ಫ್ರೋಡೋನಿಗೋ ಅನ್ನದ ರುಚಿ, ನೀರಿನ ಸ್ಪರ್ಶ, ಹುಲ್ಲು, ಹೂವು ಯಾವುದೂ ನೆನಪಿಗೆ ಬರುತ್ತಿಲ್ಲ. ನಡೆಯಲಾರದ ಅವನನ್ನು ಸ್ಯಾಮ್ ಬೆನ್ನಮೇಲೆ ಹೊತ್ತು ಬೆಟ್ಟ ಹತ್ತುತ್ತಾನೆ.

ಇಷ್ಟೆಲ್ಲ ಆಗಿ ಬೆಂಕಿಯ ಅಂಚಿಗೆ ಬಂದ ಫ್ರೋಡೋ ಉಂಗುರವನ್ನು ಎಸೆಯುವುದಿಲ್ಲ. ಇದು ನನ್ನದು ಎಂದು ಬೆರಳಿಗೆ ತೊಟ್ಟುಬಿಡುತ್ತಾನೆ! ಹಿಂದೆ ಆ ಉಂಗುರವನ್ನು ಇಟ್ಟುಕೊಂಡು ಮೈಮನಸ್ಸು ಹಾಳುಮಾಡಿಕೊಂಡಿದ್ದ ಗಾಲಮ್ ಎಂಬ ಬಡಪಾಯಿ ಮೇಲೆ ಬಿದ್ದು, ಬೆರಳನ್ನೇ ಕಚ್ಚಿ ಕಿತ್ತು, ಹಿಗ್ಗಿನಲ್ಲಿ ಕುಣಿಯುತ್ತ ಕಾಲು ತಪ್ಪಿ ಬೆಂಕಿಗೆ ಬೀಳುತ್ತಾನೆ. ಉಂಗುರ ಕರಗುವುದು ಹಾಗೆ.

ಫ್ರೋಡೋ ಸೋತನಲ್ಲ ಎಂದು ಬೇಸರಪಟ್ಟ ಓದುಗರಿದ್ದರು. ಸೋತದ್ದು ನಿಜ, ಆದರೆ ಅಲ್ಲಿ ಯಾರೂ ಗೆಲ್ಲಲಾರರು ಎಂದು ಟಾಲ್ಕಿನ್ ಪತ್ರಗಳಲ್ಲಿ ವಿವರಿಸಿದರು. ನಾನು ಮತ್ತೆ ಮತ್ತೆ ಯೋಚಿಸುವುದು ಗಾಲಮ್ ಅಲ್ಲಿ ಇದ್ದುದರ ಬಗ್ಗೆ. ವರ್ಷಗಳ ಹಿಂದೆ ಗುಹೆಯ ಕತ್ತಲಲ್ಲಿ ಬಿಲ್ಬೋ ಅವನ ಮೇಲೆ ಕತ್ತಿ ಎತ್ತಿ ಕನಿಕರದಿಂದ ಇಳಿಸಿದ್ದ. ದಾರಿಯಲ್ಲಿ ಫ್ರೋಡೋ ಅವನನ್ನು ಉಳಿಸಿದ. ಬೆಟ್ಟದ ಇಳಿಜಾರಿನಲ್ಲಿ, ಕೊಂದರೆ ತಪ್ಪೇನೂ ಇಲ್ಲದ ಗಳಿಗೆಯಲ್ಲಿ, ಸ್ಯಾಮ್‌ನ ಕೈಯೂ ಏಳಲಿಲ್ಲ. ಉಂಗುರವನ್ನು ಸ್ವಲ್ಪ ಹೊತ್ತು ತಾನೇ ಹೊತ್ತಿದ್ದ ಅವನಿಗೆ ಆ ನರಳಾಟ ಅರ್ಥವಾಗಿತ್ತು. ಪ್ರಭಾಸದಲ್ಲಿ ಹಳೆಯ ಹಗೆ ಹುಲ್ಲನ್ನು ಒನಕೆ ಮಾಡಿತು. ಇಲ್ಲಿ ಮೂವರ ಹಳೆಯ ಕರುಣೆ ಕೈಬಿಟ್ಟುಹೋಗಿದ್ದ ಕೆಲಸವನ್ನು ಮುಗಿಸಿತು.

ಸಿನಿಮಾ ಮಾತ್ರ ನೋಡಿದವರಿಗೆ ಕಥೆಯ ಕೊನೆಯ ಭಾಗದ ಒಂದು ಘಟನೆ ಗೊತ್ತಿರುವುದಿಲ್ಲ, ದಯವಿಟ್ಟು ಪುಸ್ತಕದಲ್ಲಿ ಓದಿ. ಫ್ರೋಡೋ ಊರಿಗೆ ಮರಳಿದಾಗ ಅಲ್ಲಿ ಸಾರುಮಾನ್ ಎಂಬ ಕೆಟ್ಟ ಮಾಂತ್ರಿಕ ಸೇರಿಕೊಂಡು ಮರಗಳನ್ನು ಕಡಿಸಿ ಊರನ್ನು ಹಾಳುಗೆಡವಿದ್ದಾನೆ. ಸೋತು ಹೊರಡುವಾಗಲೂ ಫ್ರೋಡೋನಿಗೆ ಚೂರಿ ಹಾಕುತ್ತಾನೆ. ಒಳಗೆ ತೊಟ್ಟ ಕವಚಕ್ಕೆ ತಾಗಿ ಚೂರಿ ಮುರಿಯುತ್ತದೆ. ಸ್ಯಾಮ್ ಕತ್ತಿ ಹಿರಿಯುತ್ತಾನೆ. ಬೆರಳು ಕಳೆದುಕೊಂಡು ಬಂದಿರುವ ಫ್ರೋಡೋ ಅವನನ್ನು ತಡೆದು, ಕೊಲ್ಲಬೇಡ, ಅವನು ಹೋಗಲಿ ಬಿಡು ಎನ್ನುತ್ತಾನೆ.

ನಮಸ್ಕಾರ.