ರಾಮ್ಸೇ ದೆವ್ವಗಳಿಗೆ ಸಿಕ್ಕ ಮರ್ಯಾದೆ

ನಮಸ್ಕಾರ. ಇವತ್ತು ಹಿಂದಿಯಲ್ಲಿ ದೆವ್ವದ ಸಿನಿಮಾ ಮಾಡುತ್ತಿದ್ದ ಅಣ್ಣತಮ್ಮಂದಿರು, ರಾಮ್ಸೇ ಬ್ರದರ್ಸ್ ಬಗ್ಗೆ ಮಾತಾಡೋಣ. ‘ಪುರಾನಾ ಮಂದಿರ್’, ‘ವೀರಾನಾ’, ‘ಬಂದ್ ದರ್ವಾಜಾ’. ಹೆಸರು ಕೇಳಿದರೆ ಸಾಕು, ಕೆಲವರು ನಗುತ್ತಾರೆ. ಇನ್ನು ಕೆಲವರಿಗೆ ತೊಂಬತ್ತರ ದಶಕದ ‘ಜೀ ಹಾರರ್ ಶೋ’ ನೋಡಿ ರಾತ್ರಿ ಒಬ್ಬರೇ ಎದ್ದು ಹೋಗಲು ಹೆದರಿದ್ದು ನೆನಪಾಗುತ್ತದೆ. ಅದೇ ರಾಮ್ಸೇಗಳ ಆರು ಸಿನಿಮಾ ಈಗ ಒಂದೇ ಪೆಟ್ಟಿಗೆಯಲ್ಲಿ ಬ್ಲೂ-ರೇ ಡಿಸ್ಕ್ ಆಗಿ ಬಂದಿವೆ. ಹೊರತಂದವರು ಮುಂಬೈನವರಲ್ಲ. ಮೊಂಡೊ ಮಕಾಬ್ರೊ ಎಂಬ ಹೊರದೇಶದ ಪುಟ್ಟ ಕಂಪನಿ.

ಯೂಟ್ಯೂಬಿನಲ್ಲಿ ಫ್ರೀಯಾಗಿ ಸಿಗುವಾಗ ದುಡ್ಡು ಕೊಟ್ಟು ಡಿಸ್ಕ್ ಯಾಕೆ ತಗೋಬೇಕು ಅಂತ ತುಂಬಾ ಜನ ಕೇಳುತ್ತಾರೆ. ಯೂಟ್ಯೂಬಿನಲ್ಲಿ ಓಡುವ ಕಾಪಿಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಬಣ್ಣ ಮಾಸಿದೆ. ಮೂಲೆಯಲ್ಲಿ ಚಾನೆಲ್ ಲೋಗೋ. ಎಷ್ಟೋ ಕಡೆ ಚೌಕಟ್ಟಿನ ಅಂಚೇ ಇಲ್ಲ, ನಡುನಡುವೆ ದೃಶ್ಯಗಳೂ ಮಾಯ. ರಾಮ್ಸೇ ಸಿನಿಮಾದ ಜೀವ ಇರುವುದೇ ಬೆಳಕಿನಲ್ಲಿ. ಹೊಗೆಯ ಹಿಂದಿನಿಂದ ಬರುವ ನೀಲಿ, ಹವೇಲಿಯ ಕಂಬಗಳ ಮೇಲೆ ಬೀಳುವ ಕೆಂಪು, ಹಸಿರು. ಕೆಟ್ಟ ಕಾಪಿಯಲ್ಲಿ ಇದೆಲ್ಲ ಒಂದೇ ಕಪ್ಪು ಮುದ್ದೆ. ಫಿಲ್ಮಿನಿಂದ ಮಾಡಿದ ಒಳ್ಳೆಯ ಸ್ಕ್ಯಾನಿನಲ್ಲಿ ಒಂದೊಂದು ಬಣ್ಣವೂ ಬೇರೆಬೇರೆಯಾಗಿ ಕಾಣುತ್ತದೆ. ಕ್ಯಾಮೆರಾ ಹಿಡಿದ ಗಂಗೂ ರಾಮ್ಸೇಗೆ ತಾನು ಏನು ಮಾಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿತ್ತು ಅನ್ನುವುದು ಆಗ ಅರ್ಥವಾಗುತ್ತದೆ.

ಈ ಕುಟುಂಬದ ಕಥೆಯೇ ಒಂದು ಸಿನಿಮಾ. ಅಪ್ಪ ಎಫ್. ಯು. ರಾಮ್ಸೇ ರೇಡಿಯೋ ಅಂಗಡಿ ಇಟ್ಟಿದ್ದವರು, ದೇಶ ವಿಭಜನೆಯಾದಾಗ ಕರಾಚಿಯಿಂದ ಬಾಂಬೆಗೆ ಬಂದರು. ಏಳು ಗಂಡುಮಕ್ಕಳು. 1970ರಲ್ಲಿ ಅವರು ಮಾಡಿದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭೂತದ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಹೋಗುವ ದೃಶ್ಯ ಬಂದಾಗ ಮಾತ್ರ ಜನ ಬೆಚ್ಚಿಬೀಳುತ್ತಿದ್ದರು. ಥಿಯೇಟರಿನಲ್ಲಿ ಕೂತು ಇದನ್ನು ಗಮನಿಸಿದ ಮಕ್ಕಳು ಅಪ್ಪನಿಗೆ ಹೇಳಿದರು: ಪೂರ್ತಿ ಸಿನಿಮಾನೇ ಹೀಗೆ ಮಾಡೋಣ. 1972ರ ‘ದೋ ಗಜ್ ಜಮೀನ್ ಕೇ ನೀಚೇ’ ಹುಟ್ಟಿದ್ದು ಹಾಗೆ. ಇಡೀ ಕುಟುಂಬ ಮಹಾಬಲೇಶ್ವರಕ್ಕೆ ಹೋಗಿ ಬೀಡುಬಿಟ್ಟಿತು. ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಗಂಗೂ ಕ್ಯಾಮೆರಾ, ಕಿರಣ್ ಸೌಂಡ್. ಅಡುಗೆಯೂ ಮನೆಯವರದ್ದೇ.

ಆಮೇಲೆ 1984ರಲ್ಲಿ ‘ಪುರಾನಾ ಮಂದಿರ್’ ಬಂತು. ಸಾಮ್ರಿ ಎಂಬ ರಾಕ್ಷಸನ ರುಂಡ ಒಂದು ಕಡೆ, ಮುಂಡ ಇನ್ನೊಂದು ಕಡೆ. ರಾಜವಂಶದ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸಾಯಲಿ ಅಂತ ಅವನು ಕೊಟ್ಟ ಶಾಪ. ಸಾಮ್ರಿಯಾದ ಅನಿರುದ್ಧ್ ಅಗರ್ವಾಲ್ ರೂರ್ಕಿಯಲ್ಲಿ ಓದಿದ ಇಂಜಿನಿಯರ್. ಆ ಎತ್ತರ, ಆ ಮುಖ, ಬಾಗಿಲಲ್ಲಿ ಬಂದು ನಿಂತರೆ ಸಾಕಿತ್ತು. ನಡುವೆ ಜಗದೀಪ್ ಅವರ ‘ಶೋಲೆ’ ಅಣಕದ ಡಕಾಯಿತರ ಕಾಮಿಡಿ ಬೇರೆ, ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ. ಹೊರದೇಶದವರಿಗೆ ಅದು ಎಷ್ಟು ಅರ್ಥವಾಗುತ್ತದೋ ಗೊತ್ತಿಲ್ಲ. ಆದರೂ ಅದು ಇರಬೇಕು. ಒಂದೇ ಟಿಕೆಟ್ಟಿಗೆ ಹೆದರಿಕೆ, ಹಾಡು, ಫೈಟು, ನಗು ಎಲ್ಲವೂ ಬೇಕು ಅಂತ ಬರುತ್ತಿದ್ದ ಪ್ರೇಕ್ಷಕರಿಗಾಗಿ ಮಾಡಿದ ಸಿನಿಮಾ ಅದು. ಕಾಮಿಡಿ ಕತ್ತರಿಸಿದರೆ ಆ ಪ್ರೇಕ್ಷಕರನ್ನೇ ಕತ್ತರಿಸಿದ ಹಾಗೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಈ ಸಿನಿಮಾಗಳಲ್ಲಿ ಹೆಣ್ಣನ್ನು ತೋರಿಸುವ ರೀತಿ ನನಗೆ ಹಿಡಿಸುವುದಿಲ್ಲ. ಸುಮ್ನೆ ಸ್ನಾನದ ದೃಶ್ಯ ತುರುಕುವುದು, ಕ್ಯಾಮೆರಾ ಅಲ್ಲೇ ನಿಲ್ಲುವುದು, ಇದೆಲ್ಲ ಟಿಕೆಟ್ ಮಾರುವ ಉಪಾಯ. ಹಾಗಂತ ಕತ್ತರಿಸಿ ಇಡಬೇಕು ಅಂತ ನಾನು ಹೇಳಲ್ಲ. ಆ ಕಾಲದ ಥಿಯೇಟರ್‌ಗಳಲ್ಲಿ ಏನನ್ನು ಮಾರುತ್ತಿದ್ದರು, ಜನ ಏನನ್ನು ನೋಡುತ್ತಿದ್ದರು ಅಂತ ಮುಂದೆ ಯಾರಾದರೂ ಪ್ರಶ್ನೆ ಮಾಡಬೇಕಾದರೆ ಪೂರ್ತಿ ಸಿನಿಮಾ ಕಣ್ಣ ಮುಂದೆ ಇರಬೇಕು, ಅಲ್ವಾ?

ಡಿಸ್ಕ್ ಕಂಪನಿಗಳ ಎಲ್ಲ ನಡೆಯೂ ನನಗೆ ಇಷ್ಟ ಅಂತಲ್ಲ. ಲಿಮಿಟೆಡ್ ಎಡಿಷನ್, ಸ್ಲಿಪ್‌ಕವರ್, ಕೆಲವೇ ದಿನದಲ್ಲಿ ಸ್ಟಾಕ್ ಖಾಲಿ. ಮಾರನೆಯ ವಾರ ಅದೇ ಪೆಟ್ಟಿಗೆಗೆ ಇಬೇನಲ್ಲಿ ಜಾಸ್ತಿ ರೇಟು. ರಟ್ಟಿನ ಕವರ್ ಸೀಮಿತವಾಗಿರಲಿ, ಬೇಡ ಅನ್ನಲ್ಲ. ಸಿನಿಮಾ ಮಾತ್ರ ಸಾದಾ ಎಡಿಷನ್ನಿನಲ್ಲಿ ಎಲ್ಲರಿಗೂ ಸಿಗುತ್ತಿರಬೇಕು. ನಮಗೆ ರೀಜನ್ ತಲೆನೋವು ಬೇರೆ, ಅಂದರೆ ಯಾವ ದೇಶಗಳ ಪ್ಲೇಯರಿನಲ್ಲಿ ಡಿಸ್ಕ್ ಓಡಬೇಕು ಅನ್ನುವ ಗುಂಪು. ಅಮೆರಿಕದ ಬ್ಲೂ-ರೇ ರೀಜನ್ ಎ, ಭಾರತ ರೀಜನ್ ಸಿ. ಲಾಕ್ ಮಾಡಿದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡುವುದೇ ಇಲ್ಲ. ಅದರ ಮೇಲೆ ಶಿಪ್ಪಿಂಗ್, ಕಸ್ಟಮ್ಸ್. ನಮ್ಮದೇ ದೇಶದ ಸಿನಿಮಾ ನೋಡಲು ಇಷ್ಟೆಲ್ಲ ಪಾಡು ಪಡಬೇಕು.

ಆದರೂ ಕೆಲಸ ಮಾಡುತ್ತಿರುವವರು ಆ ಡಿಸ್ಕ್ ಕಂಪನಿಗಳವರೇ. 1967ರ ಪಾಕಿಸ್ತಾನಿ ಡ್ರಾಕುಲಾ ಸಿನಿಮಾ ‘ಜಿಂದಾ ಲಾಶ್’ ಅನ್ನು ಡಿವಿಡಿಗೆ ತಂದದ್ದೂ ಇದೇ ಮೊಂಡೊ ಮಕಾಬ್ರೊ. ಇಂಥದ್ದೇ ಇನ್ನೊಂದು ಡಿಸ್ಕ್ ಕಂಪನಿ, ಅಮೆರಿಕದ ವಿನೆಗರ್ ಸಿಂಡ್ರೋಮ್‌ನ ಹೆಸರೇ ಒಂದು ಎಚ್ಚರಿಕೆ. ಹಳೆಯ ಸಿನಿಮಾ ರೀಲುಗಳ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾದರೆ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬರುತ್ತದೆ. ರೀಲು ಸುರುಟಿಕೊಳ್ಳುತ್ತದೆ, ಕುಗ್ಗುತ್ತದೆ. ಒಮ್ಮೆ ಶುರುವಾದರೆ ನಿಲ್ಲಿಸಲಾಗುವುದಿಲ್ಲ. ತಂಪಾದ, ಒಣ ಜಾಗದಲ್ಲಿಟ್ಟು ನಿಧಾನ ಮಾಡಬಹುದು ಅಷ್ಟೇ. ಬಿಸಿಲು, ತೇವ ಎರಡೂ ಇರುವ ನಮ್ಮೂರುಗಳ ಗೋಡೌನಿನಲ್ಲಿ ಬಿದ್ದಿರುವ ಡಬ್ಬಿಗಳ ಗತಿ ಯೋಚನೆ ಮಾಡಿ.

ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನಾ’ ಇವತ್ತು ನೋಡಲು ಸಿಗುವುದಿಲ್ಲ. ಅದರ ಪ್ರಿಂಟೇ ಉಳಿದಿಲ್ಲ. ಚರಿತ್ರೆಯ ಪುಸ್ತಕದಲ್ಲಿ ಮೊದಲ ಸಾಲಿನಲ್ಲಿರುವ ಪೌರಾಣಿಕ ಸಿನಿಮಾಕ್ಕೇ ಈ ಗತಿ ಬಂದಿರುವಾಗ, ನಮ್ಮ ದೆವ್ವದ ಸಿನಿಮಾ, ಥ್ರಿಲ್ಲರ್, ಕಡಿಮೆ ಬಜೆಟ್ಟಿನ ಆ್ಯಕ್ಷನ್ ಸಿನಿಮಾಗಳನ್ನು ಯಾರು ಕೇಳುತ್ತಾರೆ? 1979ರ ‘ನಾ ನಿನ್ನ ಬಿಡಲಾರೆ’ ನೋಡಿ ಹೆದರಿದ ಒಂದು ಇಡೀ ತಲೆಮಾರು ಇದೆ. 1993ರ ಉಪೇಂದ್ರ ಅವರ ‘ಶ್!’ ಬಗ್ಗೆ ಈಗಲೂ ಹುಡುಗರು ಗಂಟೆಗಟ್ಟಲೆ ಮಾತಾಡುತ್ತಾರೆ. ಇವೆರಡರದ್ದೂ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿದ ಒಳ್ಳೆಯ ಡಿಸ್ಕ್ ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ.

ಡಿಸ್ಕಿನ ಜೊತೆ ಬರುವ ಸಂದರ್ಶನಗಳೂ ನನಗೆ ಸಿನಿಮಾದಷ್ಟೇ ಮುಖ್ಯ. ತುಳಸಿ ರಾಮ್ಸೇ 2018ರಲ್ಲಿ ಹೋದರು, ಶ್ಯಾಮ್ 2019ರಲ್ಲಿ. ನಮ್ಮಲ್ಲೂ ಆ ಕಾಲದ ಲೈಟ್‌ಬಾಯ್‌ಗಳು, ಮೇಕಪ್‌ನವರು, ಎಡಿಟರ್‌ಗಳಿಗೆ ವಯಸ್ಸಾಗುತ್ತಿದೆ. ಅವರ ಮಾತು ರೆಕಾರ್ಡ್ ಮಾಡಲು ನೆಗೆಟಿವ್ ಕೂಡ ಬೇಕಿಲ್ಲ. ಒಂದು ಮೈಕು, ಒಂದು ಮಧ್ಯಾಹ್ನ ಇದ್ದರೆ ಈ ವಾರವೇ ಶುರು ಮಾಡಬಹುದು.

ನಿರ್ಮಾಪಕರ ಮನೆಯವರು ಯಾರಾದರೂ ಇದನ್ನು ಕೇಳುತ್ತಿದ್ದರೆ ದಯವಿಟ್ಟು ಆ ಡಬ್ಬಿಗಳನ್ನು ಒಮ್ಮೆ ತೆರೆದು ನೋಡಿ. ನೆಗೆಟಿವ್ ಚೆನ್ನಾಗಿದ್ದರೆ ಹೇಳಿ. ಸಾವಿರ ಡಿಸ್ಕ್ ಹಾಕಿಸುವುದಾದರೂ ಸರಿ, ಮುಂಗಡ ಕಟ್ಟುವವರ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಳ್ಳಿ.